ಡಿಕ್ಕಿಯೊಳಗಿನ ಡಗ್ಗಾ

ನನ್ನ ಕಾರಿನ ಡಿಕ್ಕಿ ತೆರೆದಾಗ ಪಕ್ಕದಲ್ಲಿ ಯಾರೇ ನಿಂತಿರಲಿ, ಕೇಳುವ ಪ್ರಶ್ನೆ ಒಂದೇ. "ಗ್ಯಾಸ್ ಹಾಕ್ಸೀರೇನ್ರಿ ಸರ್? ಕಿಲೋಕ್ಕ ಎಷ್ಟ್ ಓಡ್ತದ?"

ಮೊನ್ನೆ ಕಲಬುರಗಿಯ ಜಗತ್ ವೃತ್ತದ ಬಳಿ ಕಾಯಿಪಲ್ಲೆಯ ಚೀಲ ಇಡಲು ಡಿಕ್ಕಿ ಎತ್ತಿದಾಗಲೂ ಹೀಗೇ ಆಯಿತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದವರು ಬಗ್ಗಿ ನೋಡಿದರು. ಗ್ಯಾಸಿನ ಗಾಡಿಯ ಹತ್ತಿರ ಬೆಂಕಿ ಬೇಡವೆಂದು, ಆಗಷ್ಟೇ ಹಚ್ಚಿದ್ದ ಬೀಡಿಯನ್ನು ನೆಲಕ್ಕೆ ಹಾಕಿ ತುಳಿದರು. ಆಮೇಲೆ ಪ್ರಶ್ನೆ ಕೇಳಿದರು.

"ಗ್ಯಾಸ್ ಅಲ್ರಿ, ಸಬ್‌ವೂಫರ್" ಎಂದೆ.

"ಅಂದ್ರ?"

"ಹಾಡಿನ್ಯಾಗ ದಪ್ಪ ದನಿ ಇರ್ತದಲ್ರಿ, ಅದನ್ನ ಹೊಂಡಸೋ ಡಬ್ಬಿ."

ಅವರು ನನ್ನ ನರೆತ ತಲೆ ನೋಡಿದರು, ಡಬ್ಬಿ ನೋಡಿದರು, ಕೊನೆಗೆ ನೆಲದ ಮೇಲಿನ ಬೀಡಿ ನೋಡಿದರು. ಮೂರರಲ್ಲಿ ಬೀಡಿಯ ಮೇಲೆಯೇ ಅವರಿಗೆ ಹೆಚ್ಚು ಕನಿಕರ ಬಂದಂತೆ ಕಂಡಿತು.

ಅವರದೇನೂ ತಪ್ಪಿಲ್ಲ. ಐವತ್ತೆರಡು ದಾಟಿದ ಹೈಸ್ಕೂಲ್ ವಿಜ್ಞಾನದ ಮಾಸ್ತರನ ಡಿಕ್ಕಿಯಲ್ಲಿ ಇರಬೇಕಾದದ್ದು ಉತ್ತರಪತ್ರಿಕೆಯ ಕಟ್ಟು, ಒಂದು ಕೊಡೆ, ಹೆಚ್ಚೆಂದರೆ ಅರ್ಧ ಚೀಲ ತೊಗರಿಬೇಳೆ. ಕರಿ ಬಟ್ಟೆ ಸುತ್ತಿದ, ನಡುವೆ ಊಟದ ತಟ್ಟೆಯಗಲದ ಸ್ಪೀಕರ್ ಕೂಡಿಸಿದ ಪೆಟ್ಟಿಗೆ ಇರುವುದು ಕಾಲೇಜಿನ ಹುಡುಗರ ಕಾರಿನಲ್ಲಿ. ಅದು ನನ್ನ ಡಿಕ್ಕಿಗೆ ಹೇಗೆ ಬಂತು ಎನ್ನುವುದು ಒಂದು ಕಥೆ. ಬಂದದ್ದರಿಂದ ಏನಾಯಿತು ಎನ್ನುವುದು ಇನ್ನೊಂದು. ಎರಡನ್ನೂ ಹೇಳಿಬಿಡುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಸಂಗೀತ ಬರುವುದಿಲ್ಲ. ರಾಗ ಯಾವುದು, ತಾಳ ಯಾವುದು ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗನಂತೆ ಕಿಟಕಿಯಾಚೆ ನೋಡುತ್ತೇನೆ. ಆದರೆ ದಪ್ಪ ದನಿಯ ಹುಚ್ಚು ಮಾತ್ರ ಚಿಕ್ಕಂದಿನಿಂದ ಇದೆ. ನಾನು ಬೆಳೆದದ್ದು ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು. ಆದರೆ ನನ್ನ ಪಾಲಿಗೆ ಅದರ ಹಿರಿಮೆ ನಮ್ಮ ಓಣಿಯ ತುದಿಯಲ್ಲಿದ್ದ ಹಿಟ್ಟಿನ ಗಿರಣಿ. ಕುಣಿಯಲ್ಲಿ ಕೂಡಿಸಿದ ಡೀಸೆಲ್ ಎಂಜಿನ್ನು, ಅದರಿಂದ ಬೀಸುಕಲ್ಲಿನವರೆಗೆ ಸರಸರ ಓಡುವ ಅಗಲವಾದ ಪಟ್ಟ, ತಗಡಿನ ಮೇಲೆ ಎದ್ದ ಹೊಗೆಕೊಳವೆ. ಎಂಜಿನ್ನು ಹತ್ತಿತೆಂದರೆ ಗಿರಣಿಯ ಗೋಡೆಗೆ ಜೀವ ಬರುತ್ತಿತ್ತು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತು "ಆ" ಎಂದು ಉದ್ದಕ್ಕೆ ಎಳೆದರೆ ದನಿ ತುಂಡುತುಂಡಾಗಿ ಹೊರಬರುತ್ತಿತ್ತು. ಹಲ್ಲು ಗುಂಯ್ಯೆನ್ನುತ್ತಿತ್ತು. ಆ ಸುಖಕ್ಕಾಗಿ ಜೋಳ ಬೀಸಿಸಿಕೊಂಡು ಬರುವ ಕೆಲಸವನ್ನು ನಾನೇ ಕೇಳಿ ಪಡೆಯುತ್ತಿದ್ದೆ. ಉಳಿದ ಯಾವ ಕೆಲಸಕ್ಕೂ ಏಳದ ಮಗ ಗಿರಣಿಗೆ ಮಾತ್ರ ಓಡುವುದೇಕೆ ಎಂದು ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮೈಯೆಲ್ಲ ಹಿಟ್ಟಾಗಿ ಮನೆಗೆ ಬಂದರೆ ನಮ್ಮ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ, ಹಳೆಯ ಟವೆಲಿನಿಂದ ಹಾಸಿಗೆ ಝಾಡಿಸಿದಂತೆ ಝಾಡಿಸಿ ಒಳಗೆ ಬಿಡುತ್ತಿದ್ದಳು.

ಮುಂದೆ ಅದೇ ಹುಚ್ಚು ನನ್ನನ್ನು ವಿಜ್ಞಾನದ ಮಾಸ್ತರನನ್ನಾಗಿ ಮಾಡಿತೋ ಏನೋ. ಪ್ರತಿವರ್ಷ ಧ್ವನಿಯ ಪಾಠ ಬಂದಾಗ ಕರಿಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಅಲೆ ಬರೆದು, "ಧ್ವನಿ ಗಾಳಿಯಲ್ಲಿ ಚಲಿಸುತ್ತದೆ, ನೀರಿನಲ್ಲಿ ಚಲಿಸುತ್ತದೆ, ಘನವಸ್ತುವಿನಲ್ಲಿ ಇನ್ನೂ ಚೆನ್ನಾಗಿ ಚಲಿಸುತ್ತದೆ" ಎಂದು ಹೇಳುತ್ತ ಬಂದೆ. ಹೇಳಿದ್ದನ್ನೆಲ್ಲ ನಂಬಿ ನಡೆದಿದ್ದರೆ ಮಾಸ್ತರರು ಎಂದೋ ಸುಧಾರಿಸುತ್ತಿದ್ದರು. ಇರಲಿ.

ಕಿಡಿ ಹಚ್ಚಿದವರು ನಮ್ಮ ಶಾಲೆಯ ಪಿ.ಟಿ. ಮಾಸ್ತರ ವೀರೇಶ. ಅವರ ಹೊಸ ಕಾರಿನಲ್ಲಿ ಒಮ್ಮೆ ಕೂತೆ. ಹಾಡು ಹಚ್ಚಿದರು, ನನ್ನ ಅಂಗಿಯ ಗುಂಡಿ ತಾನೇ ತಾನಾಗಿ ನಡುಗಿತು. ಮರುವಾರ ಅವರು ನನ್ನ ಕಾರಿನಲ್ಲಿ ಕೂತರು. ನನ್ನದು ನಾಲ್ಕು ವರ್ಷದ ಬಿಳಿಯ ಚಿಕ್ಕ ಕಾರು, ಕಂಪನಿಯವರೇ ಕೂಡಿಸಿಕೊಟ್ಟ ಸ್ಟೀರಿಯೊ. ಹಾಡು ಹಚ್ಚಿದೆ. ವೀರೇಶ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಬಹಳ ಕಾಳಜಿಯಿಂದ ವಿಚಾರಿಸಿದರು.

"ಸರ್, ನಿಮ್ಮ ಗಾಡಿಗಿ ನೆಗಡಿ ಆಗ್ಯಾದೇನ್ರಿ? ಹಾಡು ಮೂಗಿನ್ಯಾಗಿಂದ ಬರಾಕತ್ತದ."

ಧ್ವನಿಯ ಪಾಠ ಮಾಡುವವನ ಕಾರಿಗೆ ನೆಗಡಿ! ಅವತ್ತೇ ಸಂಜೆ ನಾಲ್ಕು ಜನರನ್ನು ವಿಚಾರಿಸಿ, ಕಪನೂರಿನ ಮಹಬೂಬ್ ಭಾಯಿಯ ಅಂಗಡಿಗೆ ಹೋದೆ.

ಕಪನೂರಿನಲ್ಲಿ ಹುಮನಾಬಾದ್ ರಸ್ತೆಗೆ ಹತ್ತಿಕೊಂಡು ಲೇತು, ವೆಲ್ಡಿಂಗು, ಬಾಡಿ ಕಟ್ಟುವವರ ಷೆಡ್ಡುಗಳ ನಡುವೆ ಮಹಬೂಬ್ ಭಾಯಿಯ ತಗಡಿನ ಅಂಗಡಿ. ಅರವತ್ತರ ಆಸುಪಾಸು, ದಪ್ಪ ಚಸ್ಮಾ. ಮೊದಲು ರೇಡಿಯೊ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟಿ.ವಿ. ರಿಪೇರಿ ಮಾಡುತ್ತ, ಒಂದೊಂದೇ ಸತ್ತು ಹೋದಂತೆ ಮುಂದಿನದಕ್ಕೆ ಹಾರಿ, ಈಗ ಕಾರಿನ ಸ್ಟೀರಿಯೊಕ್ಕೆ ಬಂದು ನಿಂತವರು. ನನ್ನ ಹಾಡನ್ನು ಅರ್ಧ ನಿಮಿಷ ಕೇಳಿ ಆಫ್ ಮಾಡಿದರು.

"ಕಂಪನಿ ಸ್ಟೀರಿಯೊ ತೆಗೀಬ್ಯಾಡ್ರಿ ಸರ್. ಅದರ ದಿಲ್ ಛಲೋ ಅದ, ತಾಕತ್ ಕಮ್ಮಿ. ನಾವ್ ಹಿಂದಿಂದ ತಾಕತ್ ಕೊಡೂಣು."

ತಾಕತ್ತು ಕೊಡುವ ಕೆಲಸ ನಾನು ತಿಳಿದಷ್ಟು ಸುಲಭವಿರಲಿಲ್ಲ. ಕಂಪನಿಯ ಸ್ಟೀರಿಯೊದ ಬೆನ್ನಲ್ಲಿ ಆಂಪ್ಲಿಫೈಯರಿಗೆ ಹಾಡು ಕೊಡುವ ಬೇರೆ ಬಾಯಿ ಇರುವುದಿಲ್ಲ. ಹಾಗಾಗಿ ಹಿಂದಿನ ಸ್ಪೀಕರಿಗೆ ಹೋಗುವ ತಂತಿಗೇ ಕವಲು ಹಾಕಿ, ಬೆಂಕಿಪೊಟ್ಟಣದಷ್ಟಿರುವ ಒಂದು ಕನ್ವರ್ಟರಿನ ಮೂಲಕ ಹಾಡನ್ನು ಆಂಪ್ಲಿಫೈಯರಿಗೆ ಉಣಿಸಬೇಕು. ಆಂಪ್ಲಿಫೈಯರಿಗೆ ಕರೆಂಟು ಬೇಕಲ್ಲ, ಅದಕ್ಕೆ ಮುಂದಿನ ಬ್ಯಾಟರಿಯಿಂದ ಕಿರುಬೆರಳು ದಪ್ಪದ ಕೆಂಪು ತಂತಿ, ಬ್ಯಾಟರಿಯ ಮಗ್ಗುಲಲ್ಲೇ ಒಂದು ಫ್ಯೂಜು. ಕೆಂಪು ತಂತಿಯನ್ನು ಮಹಬೂಬ್ ಭಾಯಿ ಕಾರಿನ ಎಡಗಡೆಯಿಂದ ಒಯ್ದರು, ಹಾಡಿನ ತಂತಿಯನ್ನು ಬಲಗಡೆಯಿಂದ. ಯಾಕೆಂದು ಕೇಳಿದೆ.

"ಎರಡೂ ಒಂದೇ ದಾರಿಲಿಂದ ಹೋದ್ರ ಝಗಡಾ ಆಡ್ತಾವ್ರಿ."

ಎಲ್ಲ ಮುಗಿಯಿತು, ಅರ್ಥಿಂಗ್ ಒಂದು ಉಳಿಯಿತು. ಡಿಕ್ಕಿಯ ಮೂಲೆಯಲ್ಲಿ ಕಾರಿನ ಮೈಯ ಬಣ್ಣವನ್ನು ಒಂದಿಷ್ಟು ಕೆರೆದು, ಬರಿಯ ಲೋಹಕ್ಕೆ ತಂತಿ ಬಿಗಿಯಬೇಕು ಎಂದರು. ಶಹಾಬಜಾರಿನ ಸಂದಿಯಲ್ಲಿ ಇರುವವನು ನಾನು. ಕಾರು ಮನೆಯವರೆಗೆ ಬರುವುದಿಲ್ಲ. ಓಣಿಯ ಬಾಯಲ್ಲಿ ನಿಲ್ಲಿಸಿ, ನಾಲ್ಕು ವರ್ಷ ಒಂದು ಗೀರು ಬೀಳದಂತೆ ಕಾಯ್ದಿದ್ದೆ. ಈಗ ದುಡ್ಡು ಕೊಟ್ಟು ಕೆರೆಸುವುದೆ?

"ಕೆರೀಬ್ಯಾಡ್ರಿ ಭಾಯಿ. ಅಲ್ಲೇ ಬೋಲ್ಟ್ ಅದಲ್ಲ, ಅದಕ್ಕ ಬಿಗೀರಿ" ಎಂದೆ.

ಮಹಬೂಬ್ ಭಾಯಿ ಚಸ್ಮಾದ ಮೇಲಿಂದ ನೋಡಿದರು. "ನೀವ್ ಸೈನ್ಸ್ ಸರ್. ನಿಮಗ ನಾ ಏನ್ ಹೇಳ್ಲಿ" ಎಂದು ಬಣ್ಣದ ಮೇಲೆಯೇ ಬಿಗಿದರು.

ಮನೆಯ ಹತ್ತಿರ ಬಂದು ಹೆಂಡತಿ ಮಹಾದೇವಿಯನ್ನು ಕೂಡಿಸಿಕೊಂಡು ಹೊರಟೆ. ಹಾಡೇನೋ ಎದೆಗೆ ಬಡಿಯಿತು. ಅದರ ಜೊತೆಗೆ ಹಿಂದಿನಿಂದ "ಕುಂಯ್ಯ್" ಎಂದು ಇನ್ನೊಂದು ದನಿಯೂ ಬಂತು. ಆಕ್ಸಿಲರೇಟರ್ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

"ರೀ, ನಿಂದರ್ಸ್ರಿ! ಗಾಡಿ ತೆಳಗ ನಾಯಿಮರಿ ಸಿಕ್ಕೊಂಡದ, ಪಾಪ" ಎಂದಳು ಮಹಾದೇವಿ. ನಾನು ಅಲ್ಲವೆಂದು ಹೇಳುವುದರೊಳಗೆ ಇಳಿದು, ಸೀರೆಯ ಸೆರಗು ಸಿಕ್ಕಿಸಿಕೊಂಡು, ನಟ್ಟನಡುವೆ ರಸ್ತೆಯಲ್ಲಿ ಬಗ್ಗಿ "ಕುರೂ ಕುರೂ" ಎಂದು ಕರೆಯತೊಡಗಿದಳು. ಹಿಂದೆ ನಿಂತ ಆಟೋದವರೂ ಇಳಿದು ಬಂದು ಬಗ್ಗಿದರು. ನಾಯಿಮರಿ ಇಲ್ಲ, ಅದು ಸಬ್‌ವೂಫರ್ ಎಂದು ನಡುರಸ್ತೆಯಲ್ಲಿ ಇಬ್ಬರಿಗೆ ವಿವರಿಸಿದ ದಿನವದು.

ಮರುದಿನ ಮತ್ತೆ ಕಪನೂರು. ಎಂಜಿನ್ನಿನ ಆಲ್ಟರ್ನೇಟರು, ವಿದ್ಯುತ್ಕಾಂತೀಯ ಪ್ರೇರಣೆ, ಕಂಪನಸಂಖ್ಯೆ ಎಂದೆಲ್ಲ ನಾನು ಒಂದು ಪೂರ್ತಿ ಪಿರಿಯಡ್ಡು ಪಾಠ ಮಾಡಿದೆ. ಮಹಬೂಬ್ ಭಾಯಿ ಅಡ್ಡ ಬಾಯಿ ಹಾಕದೆ ಕೇಳಿದರು; ಕೇಳುತ್ತಲೇ ಬೋಲ್ಟು ಬಿಚ್ಚಿ, ರೂಪಾಯಿಯಗಲ ಬಣ್ಣ ಕೆರೆದು, ತಂತಿ ಬಿಗಿದರು. ಕುಂಯ್ ನಿಂತಿತು.

"ಇದನ್ನೂ ಸಾಲಿಯೊಳಗ ಹೇಳ್ರಿ ಸರ್" ಎಂದರು, ಅಷ್ಟೇ.

ಮನೆಯಲ್ಲಿ ಇನ್ನೊಂದು ತಕರಾರು ಕಾದಿತ್ತು. ಕಮಲಾಪುರದಿಂದ ಜೋಳ, ಬಾಳೆಗೊನೆ ತರುವಾಗ ಡಿಕ್ಕಿ ಬೇಕು. "ಬಾಣಂತಿ ಹಂಗ ಡಿಕ್ಕಿ ತುಂಬ ಮಲಗ್ಯಾಳ ಈಕಿ. ಗೊನಿ ನನ್ನ ತೊಡಿ ಮ್ಯಾಲ ಇಟ್ಕೊಳ್ಳೇನು?" ಎಂದು ಮಹಾದೇವಿ ಕೇಳಿದಳು. ಆದರೂ ಅವಳ ಮನಸ್ಸು ದೊಡ್ಡದು. ದಪ್ಪ ದನಿಗೆ ಹಿಂದಿನ ನಂಬರ್ ಪ್ಲೇಟು ಟಪಟಪ ಬಡಿದುಕೊಳ್ಳತೊಡಗಿದಾಗ, ತನ್ನ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಪ್ಲೇಟಿನ ಬೆನ್ನಿಗೆ ತುಂಡುಗಳನ್ನು ಒತ್ತರಿಸಿ ಬಾಯಿ ಮುಚ್ಚಿಸಿದವಳು ಅವಳೇ.

ಇಲ್ಲಿಗೆ ಮೊದಲನೆಯ ಕಥೆ ಮುಗಿಯಿತು. ಎರಡನೆಯದು ಮಲ್ಲಪ್ಪ ಕಾಕಾನದು.

ಮಲ್ಲಪ್ಪ ಕಾಕಾ ನನ್ನ ಅಪ್ಪನ ತಮ್ಮ. ಎಪ್ಪತ್ತನಾಲ್ಕು ವರ್ಷ. ಕಮಲಾಪುರದಲ್ಲಿ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಈಗಲೂ ಬೆಳಿಗ್ಗೆ ಎದ್ದು ಬಾಳೆತೋಟಕ್ಕೆ ಹೋಗಿ ಮಗನ ಕೆಲಸದಲ್ಲಿ ತಪ್ಪು ಹುಡುಕಿ ಬರುವಷ್ಟು ಗಟ್ಟಿ. ಊರಿನವರಿಗೆ ಅವರು ತೋಟದ ಮಲ್ಲಪ್ಪ ಅಲ್ಲ, ತಬಲಾದ ಮಲ್ಲಪ್ಪ. ಸೋಮವಾರ, ಅಮಾವಾಸ್ಯೆ ಎಂದರೆ ಗುಡಿಯ ಪಡಸಾಲೆಯಲ್ಲಿ ಭಜನೆ. ಗುರುಲಿಂಗಪ್ಪನವರ ಪೇಟಿ, ಅಂದರೆ ಹಾರ್ಮೋನಿಯಂ; ಕಾಕಾನ ತಬಲಾ. ಇಬ್ಬರೂ ಒಂದೇ ವರ್ಷ ಶಾಲೆ ಸೇರಿ, ಒಂದೇ ವರ್ಷ ಬಿಟ್ಟವರು. ತಬಲಾದ ಜೋಡಿಯಲ್ಲಿ ಎಡಗೈಗೆ ಸಿಗುವ ದೊಡ್ಡ ಹೊಟ್ಟೆಯದಕ್ಕೆ ಡಗ್ಗಾ ಎನ್ನುತ್ತಾರೆ. ಕಾಕಾನ ಡಗ್ಗಾ ಮಾತಾಡುತ್ತದೆ ಎಂದು ಜನ ಅನ್ನುತ್ತಿದ್ದರು. ಅಂಗೈ ಬುಡವನ್ನು ಚರ್ಮದ ಮೇಲೆ ಒತ್ತಿ ಸರಿಸಿದರೆ ಅದು ಪಾರಿವಾಳದಂತೆ ಗುಟುರು ಹಾಕುತ್ತಿತ್ತು.

ಕಾಕಾನ ಕಿವಿ ಒಮ್ಮೆಲೇ ಹೋಗಲಿಲ್ಲ. ಮೊದಲು ತೋಟದ ಹಕ್ಕಿ ಹೋದವು, ಆಮೇಲೆ ಫೋನು ಹೋಯಿತು, ಆಮೇಲೆ ಸೊಸೆಯ ಮಾತು. ಅದೊಂದು ಲಾಭವೆಂದೇ ಕಾಕಾ ಹೇಳುತ್ತಿದ್ದರು. ಕೊನೆಗೆ ಹೋದದ್ದು ಭಜನೆಯ ತಾಳ. ಒಂದು ಸೋಮವಾರ ಹಾಡಿನ ಓಟ ಮುಗಿದು ಎಲ್ಲರೂ ನಿಧಾನಕ್ಕೆ ಇಳಿದರು; ಕಾಕಾ ಮಾತ್ರ ಓಡುತ್ತಲೇ ಇದ್ದರು. ಗುರುಲಿಂಗಪ್ಪ ಪೇಟಿ ನಿಲ್ಲಿಸಿ, ಎಲ್ಲರ ಎದುರು ಕೂಗಿದರು: "ಮಲ್ಲಪ್ಪಾ, ತಾಳ ತಪ್ಪಾಕತ್ತದ. ಸಾಕ್ ಮಾಡು!" ಏನೂ ಕೇಳದ ಕಾಕಾನಿಗೆ ಆ ಒಂದು ಮಾತು ಸ್ವಚ್ಛವಾಗಿ ಕೇಳಿಸಿತು. ತಬಲಾದ ಮೇಲೆ ವಸ್ತ್ರ ಹೊದಿಸಿ, ಬಗಲಲ್ಲಿ ಇಟ್ಟುಕೊಂಡು ಎದ್ದು ಬಂದವರು ನಾಲ್ಕು ವರ್ಷ ಗುಡಿಯ ಪಡಸಾಲೆ ಹತ್ತಲಿಲ್ಲ. ತಬಲಾ ಅಟ್ಟಕ್ಕೇರಿತು. ಗುರುಲಿಂಗಪ್ಪ ಎದುರು ಬಂದರೆ ಕಾಕಾ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದಾಯಿತು, "ಪಾತ್ರಿ ಸಪ್ಪಳ, ಫ್ಯಾನಿನ ಸಪ್ಪಳ, ಎಲ್ಲಾ ಬರ್ತದ. ಮಾತೊಂದ್ ಬಿಟ್ಟು" ಎಂದು ಅದನ್ನು ಡಬ್ಬಿಗೆ ಹಾಕಿದರು.

ಆ ಯಂತ್ರವನ್ನೇ ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ ಸರಿಮಾಡಿಸೋಣವೆಂದು ಒಂದು ರಜೆಯ ಶನಿವಾರ ನಾನೂ ಮಹಾದೇವಿಯೂ ಕಮಲಾಪುರಕ್ಕೆ ಹೋಗಿ, ಕಾಕಾನನ್ನು ಕರೆದುಕೊಂಡು ಕಲಬುರಗಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಕಾಕಾ, ಅವರ ಮಗ್ಗುಲಲ್ಲಿ ಡಿಕ್ಕಿಯಲ್ಲಿ ಜಾಗ ಸಿಗದ ಬಾಳೆಗೊನೆ. ಎರಡು ಕಿಲೋಮೀಟರ್ ಹೋಗಿರಬೇಕು, ಮಹಾದೇವಿ ಒಂದು ತತ್ತ್ವಪದ ಹಚ್ಚಿದಳು. ಒಂದೇ ಗಳಿಗೆ. ಹಿಂದಿನಿಂದ ಕಾಕಾ ನನ್ನ ಭುಜ ಬಡಿದರು.

"ಏ ನಿಂದರ್ಸು, ನಿಂದರ್ಸು! ಹಿಂದಿನ ಗಾಲಿ ಹೋಗ್ಯಾದ!"

ತೊಗರಿ ಹೊಲದ ಬದಿಗೆ ನಿಲ್ಲಿಸಿ ಇಳಿದೆ. ನಾಲ್ಕೂ ಗಾಲಿ ನೋಡಿದೆ. ಕಾಕಾ ತಾವೂ ಇಳಿದು ಒಂದೊಂದನ್ನೂ ಒದ್ದು ನೋಡಿದರು. ಎಲ್ಲ ಸರಿ ಇತ್ತು. ಹತ್ತಿ ಕೂತೆವು, ಹೊರಟೆವು.

"ಮತ್ತ ಬಂತ್ ನೋಡು! ಡಗ್ ಡಗ್ ಅನ್ನಾಕತ್ತದ. ಬೆನ್ನಿಗಿ ಬಡಿಯಾಕತ್ತದ!"

ಮೊದಲು ಹೊಳೆದದ್ದು ಮಹಾದೇವಿಗೆ. ಹಾಡಿನ ದನಿ ಪೂರ್ತಿ ಇಳಿಸಿ ಹಿಂದೆ ತಿರುಗಿ, ಕೈ ಆಡಿಸಿ ಕೇಳಿದಳು, "ಈಗ?"

"ಈಗ ನಿಂತದ."

ಏರಿಸಿದಳು. "ಈಗ?"

"ಬಂತ್ ಬಂತ್."

"ರೀ, ಗಾಲಿ ಅಲ್ರೀ. ನಿಮ್ಮ ಡಬ್ಬಿ!" ಎಂದು ಮಹಾದೇವಿ ನಕ್ಕು, ಕಾಕಾನ ಕಡೆ ತಿರುಗಿ ಎರಡೂ ಕೈಯಿಂದ ಗಾಳಿಯಲ್ಲಿ ತಬಲಾ ಬಾರಿಸಿ ತೋರಿಸಿದಳು. "ಸಣ್ಣ ಮಾವಾರ, ಹಾಡು! ತಬಲಾ!"

ಕನ್ನಡಿಯಲ್ಲಿ ನೋಡುತ್ತಿದ್ದೆ. ಕಾಕಾ ಸೀಟಿನಲ್ಲಿ ತಿರುಗಿ ಕೂತರು. ಬಲಗೈಯನ್ನು ನಿಧಾನವಾಗಿ ಸೀಟಿನ ಬೆನ್ನಿನ ಮೇಲೆ ಇಟ್ಟರು, ಹಸುವಿನ ಹೊಟ್ಟೆಯಲ್ಲಿ ಕರು ಮಿಸುಕಾಡುವುದನ್ನು ನೋಡಲು ಇಡುವಂತೆ. ಎಡಗೈ ಮೊಣಕಾಲಿನ ಮೇಲಿತ್ತು. ಅದರ ಬೆರಳು ಒಂದು ಎದ್ದಿತು, ಇನ್ನೊಂದು ಎದ್ದಿತು. ಆಮೇಲೆ ಅಂಗೈಯ ಬುಡ ಒತ್ತಿ ಸರಿಯಿತು. ಒಂದು ನಿಮಿಷವಾಗಿರಬಹುದು, ಕಾಕಾ ಹುಬ್ಬು ಗಂಟಿಕ್ಕಿ ಕೇಳಿದರು.

"ಇಂವ ಯಾಂವ ಬಾರ್ಸಾಂವ? ಓಡಾಕತ್ತಾನಲ್ಲ! ಯಾರರ ಬೆನ್ನ ಹತ್ಯಾರೇನು?"

ನನ್ನ ಕಣ್ಣಲ್ಲಿ ಧೂಳು ಬಿತ್ತು. ಗಾಜು ಏರಿಸಿದ ಕಾರಿನಲ್ಲಿ ಧೂಳು ಎಲ್ಲಿಂದ ಬಂತೆಂದು ಮಹಾದೇವಿ ಕೇಳಲಿಲ್ಲ.

ದಾರಿಯಲ್ಲೇ ಕಪನೂರು. ತಡೆಯಲಾರದೆ ಮಹಬೂಬ್ ಭಾಯಿಯ ಅಂಗಡಿಯ ಮುಂದೆ ನಿಲ್ಲಿಸಿ, ನಡೆದದ್ದನ್ನು ಹೇಳಿದೆ. ಅವರು ಕಾಕಾನನ್ನು ತಮ್ಮ ಕೆಲಸದ ಹಲಗೆಯ ಒಂದು ತುದಿಗೆ, ಬೆಂಚಿನ ಮೇಲೆ ಕೂಡಿಸಿದರು. ಉದ್ದನೆಯ ಸಾಗವಾನಿ ಹಲಗೆ, ಮೂವತ್ತು ವರ್ಷದ ಸುಟ್ಟ ಗುರುತುಗಳದು. ಕಾಕಾನ ಮುಖದ ಹತ್ತಿರ ಬಗ್ಗಿ, ತಮ್ಮ ಮೊಣಕೈ ಬಡಿದು ತೋರಿಸುತ್ತ ಕೂಗಿದರು.

"ಚಾಚಾ, ಕಿವಿ ಹೋದ್ರ ಹೋಗ್ಲಿ! ಹಡ್ಡಿ ಅದಾವಲ್ಲ? ಹಡ್ಡಿಗಿ ಕೇಳ್ತದ!"

"ಎಲುವಿಗ್ಯಾ?" ಎಂದು ಕಾಕಾ ತಮ್ಮ ಮೊಣಕಾಲು ಬಡಿದು ನೋಡಿಕೊಂಡರು.

ಅಷ್ಟರಲ್ಲಿ ಗಿರಾಕಿ ಬಂದರೆಂದು ಮಹಬೂಬ್ ಭಾಯಿ ಹಲಗೆಯ ಆ ತುದಿಗೆ ಹೋಗಿ, ಒಂದು ಕಬ್ಬಿಣದ ಪಟ್ಟಿಯನ್ನು ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಎಂದು ನೇರ ಮಾಡತೊಡಗಿದರು. ಈ ತುದಿಯಲ್ಲಿ ಹಲಗೆಯ ಮೇಲೆ ಕೈಯಿಟ್ಟಿದ್ದ ಕಾಕಾ ತಟ್ಟನೆ ತಿರುಗಿದರು. ಸುತ್ತಿಗೆ ನೋಡಿದರು, ತಮ್ಮ ಕೈ ನೋಡಿದರು. ಕಣ್ಣು ಮುಚ್ಚಿದರು. ಸುತ್ತಿಗೆ ಎರಡು ಬಿದ್ದರೆ ಇಲ್ಲಿ ಬೆರಳು ಎರಡು, ಮೂರು ಬಿದ್ದರೆ ಮೂರು. ಘನವಸ್ತುವಿನಲ್ಲಿ ಧ್ವನಿ ಇನ್ನೂ ಚೆನ್ನಾಗಿ ಚಲಿಸುತ್ತದೆ ಎಂದು ಇಪ್ಪತ್ತೈದು ವರ್ಷ ಊರ ಮಕ್ಕಳಿಗೆಲ್ಲ ಹೇಳಿದವನು ನಾನು. ಮನೆಯವರೊಬ್ಬರಿಗೆ ಹೇಳಲು ನೆನಪಾಗಿರಲಿಲ್ಲ.

ಡಾಕ್ಟರು ಗಾಜಿನ ಕೋಣೆಯಲ್ಲಿ ಕೂಡಿಸಿ ತಪಾಸಣೆ ಮಾಡಿ, ಯಂತ್ರವನ್ನು ತಿದ್ದಿ, ರೂಢಿ ಮಾಡಿಕೊಳ್ಳಬೇಕೆಂದರು. ಕಾಕಾ ಎಲ್ಲದಕ್ಕೂ ಹೂಂಗುಟ್ಟಿದರು. ಒಂದೂ ಕೇಳಿರಲಿಲ್ಲವೆಂದು ನನಗೆ ಗೊತ್ತಿತ್ತು. ಮನಸ್ಸು ಆ ಸಾಗವಾನಿ ಹಲಗೆಯ ಮೇಲೇ ಇತ್ತು.

ಮಧ್ಯಾಹ್ನ ಕಮಲಾಪುರದ ಮನೆ ಮುಟ್ಟಿದ ಕೂಡಲೇ ಅಟ್ಟದಿಂದ ತಬಲಾ ಇಳಿಯಿತು. ಕಾಕಾ ತಮ್ಮ ಹಳೆಯ ಕಟ್ಟಿಗೆಯ ಮಂಚದ ಹಾಸಿಗೆ ತೆಗೆಸಿ, ಬರಿಯ ಹಲಗೆಯ ಮೇಲೆ ಒಂದು ತುದಿಗೆ ಕೂತರು. "ನಿನ್ನ ಡಬ್ಬಿ ನನಗ ಬ್ಯಾಡ. ಆ ಕಡಿ ಕುಂತು ಹಿಮ್ಮಡದ್ಲೆ ಬಡಿ" ಎಂದು ನನಗೆ ಹೇಳಿದರು. ನಾನು ಹಿಮ್ಮಡಿಯಿಂದ ಹಲಗೆ ಬಡಿದೆ. ಎಂಟು ಸಲ ಬಡಿಯುವುದರೊಳಗೆ ಕಾಕಾ ಕೈ ಎತ್ತಿದರು.

"ಏಳು. ನಿನ್ನ ಕಾಲಿಗಿ ತಾಳ ಇಲ್ಲ."

ನನ್ನ ಬದಲಿಗೆ ಮಹಾದೇವಿ ಕೂತಳು, ಪರವಾಗಿಲ್ಲ ಎನಿಸಿಕೊಂಡಳು. ಬಸಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅಡಿಗೆಮನೆಯಿಂದ ಇಣುಕಿ, "ಸಾಲಿ ಕಲ್ತಾಂವಗೂ ಹುಚ್ಚು ಹಿಡಿಸ್ಯಾನ ನೋಡ್" ಎಂದಳು. ಕಾಕಾ ಡಗ್ಗಾದ ಹಗ್ಗ ಬಿಗಿಯುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು.

"ಗುರುಲಿಂಗನ ಕಾಲ್ ಛಲೋ ಇತ್ತು. ಪೇಟಿ ಬಾರ್ಸುವಾಗ ಹಿಮ್ಮಡ ಬಡೀತಿದ್ದ. ಬ್ಯಾಡಂದ್ರೂ ಕೇಳ್ತಿದ್ದಿಲ್ಲ."

ಚಿಗವ್ವನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಚಿಗವ್ವ ನನ್ನತ್ತ ನೋಡಿ ಬಾಗಿಲಿನ ಕಡೆ ಕಣ್ಣು ಮಾಡಿದಳು. ನಾನು ಚಪ್ಪಲಿ ಮೆಟ್ಟಿದೆ.

ಗುರುಲಿಂಗಪ್ಪ ಎರಡು ಓಣಿಯಾಚೆ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ. ಕಾರು, ಡಬ್ಬಿ, ಹಲಗೆ, ಹಿಮ್ಮಡಿ ಎಲ್ಲವನ್ನೂ ಹೇಳಿದೆ. ಅವರು ಇನ್ನೆರಡು ಶೇಂಗಾ ಸುಲಿದರು.

"ನಾ ಮಾಫಿ ಕೇಳೀನಿ ತಮ್ಮಾ. ಒಂದ್ಸಲ ಅಲ್ಲ, ಎರಡ್ಸಲ" ಎಂದರು. "ಒಮ್ಮಿ ತ್ವಾಟದ ಬದುವಿನ ಮ್ಯಾಲ, ಹಿಂದ್ ನಿಂತು. ಒಮ್ಮಿ ಬಸ್ ಸ್ಟ್ಯಾಂಡ್‌ನ್ಯಾಗ. ಮುಖ ನೋಡಿ ಕೇಳೋ ಧೈರ್ಯ ಆಗ್ಲಿಲ್ಲ. ಅಂವಗ ಕೇಳ್ಸೇ ಇಲ್ಲ. ಹಂಗೇ ಹೊಂಟೋದ."

"ಎರಡ್ಸಾಲು ಬರದರ ಕೊಡಬೇಕಿತ್ತಲ್ರಿ?"

"ಮಾಫಿ ಬರದ್ ಕೊಡೂದು ಹೆಂಗೋ ತಮ್ಮಾ? ಅರ್ಜಿ ಆದಂಗ ಆಗ್ತದ."

ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಹಾಕಿ, ಅಂಗೈ ಝಾಡಿಸಿಕೊಂಡರು. "ಅಮಾಸಿ ಭಜನಿ ಬುಧವಾರ, ಹಗಲೇ ಅದ. ಮಂಚ ಗುಡಿಗಿ ತರ್ಸು. ಅಂವ ಬಂದ್ರ ನಾ ಅಲ್ಲೇ ಇರ್ತೀನಿ."

ಬುಧವಾರ ಶಾಲೆಗೆ ರಜೆ ಹಾಕಿದೆ. ಮಂಚದ ಒಂದು ತಲೆ ನಾನು, ಇನ್ನೊಂದು ತಲೆ ಕಾಕಾನ ಮಗ ಹಿಡಿದು ಗುಡಿಗೆ ಹೊತ್ತೆವು. ಹಾಡುಹಗಲಲ್ಲಿ ಮಂಚ ಹೊತ್ತು ಹೊರಟರೆ ಊರು ಸುಮ್ಮನಿರುತ್ತದೆಯೇ? "ಯಾರಿಗಿ ಏನಾಯ್ತ್ರೀ?" ಎಂದು ಹತ್ತು ಬಾಗಿಲುಗಳಲ್ಲಿ ಕೇಳಿದರು. ಹಿಂದೆ ಸ್ವತಃ ಕಾಕಾ, ಹೊಸ ಧೋತರ ಉಟ್ಟು, ತಬಲಾ ಬಗಲಲ್ಲಿಟ್ಟುಕೊಂಡು ಬರುವುದನ್ನು ನೋಡಿ ಅವರಿಗೆ ಸಮಾಧಾನವಾಯಿತು; ಆಮೇಲೆ ಅವರೂ ಹಿಂದೆ ಬಂದರು. ಹೀಗಾಗಿ ಹತ್ತಾರು ಜನರ ಭಜನೆಗೆ ಅವತ್ತು ಪಡಸಾಲೆ ತುಂಬಿತು.

ಕಾಕಾ ಮಂಚದ ಮೇಲೆ ಕೂತು ತಬಲಾ ಎದುರಿಗಿಟ್ಟುಕೊಂಡರು. ಎದುರು ತುದಿಗೆ ಗುರುಲಿಂಗಪ್ಪ ಪೇಟಿಯೊಂದಿಗೆ ಹತ್ತಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಗುಡಿಯ ಎರಡು ಬೇರೆ ಬೇರೆ ಕಂಬಗಳನ್ನು ಬಹಳ ಗಮನವಿಟ್ಟು ನೋಡಿದರು. ಗುರುಲಿಂಗಪ್ಪನಿಗೇ ತಡೆಯಲಾಗಲಿಲ್ಲ. ಕಾಕಾನ ಕಡೆ ತಿರುಗಿ, ಇಡೀ ಪಡಸಾಲೆ ಬೆಚ್ಚುವಂತೆ ಕೂಗಿದರು.

"ಮಲ್ಲಪ್ಪಾ! ನಂದು ತಪ್ಪಾಯ್ತೋ!"

ಕಾಕಾ ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಾಗಿದರು. "ಏನಂದಿ?"

ಗುರುಲಿಂಗಪ್ಪ ಮತ್ತೆ ಬಾಯಿ ತೆರೆದರು, ಮುಚ್ಚಿದರು. ಮೂರನೆಯ ಸಲವೂ ವ್ಯರ್ಥವಾಗಿತ್ತು. ಎಡಗಾಲು ಮಡಚಿ, ಬಲಗಾಲು ಮುಂದೆ ಊರಿ, ಹಿಮ್ಮಡಿ ಎತ್ತಿ ಹಲಗೆಯ ಮೇಲೆ ಒಂದು ಏಟು ಹಾಕಿದರು. ಇನ್ನೊಂದು. ಮತ್ತೊಂದು. ಕಾಕಾ ಕೂತಲ್ಲೇ ನೆಟ್ಟಗಾದರು.

ಪದ ಶುರುವಾಯಿತು. ಮೊದಲನೆಯ ಸುತ್ತಿನಲ್ಲಿ ಕಾಕಾ ಹಿಂದೆ ಬಿದ್ದರು, ಹಿಮ್ಮಡಿ ಗಟ್ಟಿಯಾಯಿತು. ಎರಡನೆಯ ಸುತ್ತಿನಲ್ಲಿ ಮುಂದೆ ಹೋದರು. ಹಿಮ್ಮಡಿ ಕಾಯ್ದು ನಿಂತು ಕೂಡಿಸಿಕೊಂಡಿತು. ಮೂರನೆಯ ಸುತ್ತಿಗೆ ಡಗ್ಗಾ ಗುಟುರು ಹಾಕಿತು. ಪಕ್ಕದಲ್ಲಿ ಮಹಾದೇವಿ ನನ್ನ ಮೊಣಕೈ ಹಿಡಿದುಕೊಂಡಳು. ಕಾಕಾ ಕಣ್ಣು ಮುಚ್ಚಿದ್ದರು. ತುಟಿಯ ಮೇಲೆ ಪದದ ಸಾಲುಗಳು ದನಿಯಿಲ್ಲದೆ ಓಡುತ್ತಿದ್ದವು. ಓಟ ಬಂತು, ಓಡಿದರು. ಇಳಿತ ಬಂತು, ಎಲ್ಲರ ಜೊತೆಗೆ ಇಳಿದರು.

ಪದ ಮುಗಿಯಿತು. ಹಾಡುವವರು ನಿಲ್ಲಿಸಿದರು, ತಾಳದವರು ನಿಲ್ಲಿಸಿದರು, ಪೇಟಿಯ ಸ್ವರದ ಮನೆಗಳ ಮೇಲಿಂದ ಗುರುಲಿಂಗಪ್ಪನ ಕೈಯೂ ಎದ್ದಿತು. ಕಾಕಾ ಮಾತ್ರ ಕಣ್ಣು ತೆರೆಯದೆ, ಮುಖ ತುಸು ಮೇಲೆತ್ತಿ ಬಾರಿಸುತ್ತಲೇ ಇದ್ದರು. ಮುಂದೆ ಕೂತಿದ್ದವರೊಬ್ಬರು ತಿಳಿಸಲೆಂದು ಎದ್ದು, ಅವರ ಭುಜ ಮುಟ್ಟಲು ಕೈ ಚಾಚಿದರು. ಗುರುಲಿಂಗಪ್ಪ ಬೇಡವೆಂದು ತಲೆಯಾಡಿಸಿದರು. ಆಗಲೇ ನಾನು ಅವರ ಕಾಲು ನೋಡಿದ್ದು. ಹಿಮ್ಮಡಿ ನಿಂತಿರಲೇ ಇಲ್ಲ. ಅದೇ ತಾಳದಲ್ಲಿ ಹಲಗೆಯ ಮೇಲೆ ಬೀಳುತ್ತಿತ್ತು. ಅದನ್ನು ಹಾಗೇ ಬಡಿಯುತ್ತ ಗುರುಲಿಂಗಪ್ಪ ಪೇಟಿಯ ಗಾಳಿ ಎಳೆದು, ಮುಗಿದ ಪದವನ್ನು ಮೊದಲನೆಯ ಸಾಲಿನಿಂದ ಮತ್ತೆ ಎತ್ತಿಕೊಂಡರು.